ಹಳೆಯ ಕಾಸಿಗೆ ನ್ಯಾಯವಾದ ಬೆಲೆ ಯಾವುದು?



ನಿಮ್ಮ ಮನೆಯ ಅಟ್ಟದ ಮೇಲೆ, ಅಥವಾ ಅಜ್ಜಿಯ ಟ್ರಂಕಿನ ತಳದಲ್ಲಿ, ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ನಾಲ್ಕಾರು ಹಳೆಯ ಕಾಸುಗಳಿವೆಯೇ? ನಮ್ಮ ಸೀಮೆಯಲ್ಲಿ ಇದ್ದರೆ ಆಶ್ಚರ್ಯವೇನಿಲ್ಲ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟರು. ಅದೇ ಅರಸರ ಕಾಲದಲ್ಲಿ ಆನೆ ಮತ್ತು ಸಿಂಹದ ಗುರುತಿನ ತಾಮ್ರದ ಕಾಸುಗಳು ಮೈಸೂರು ಸೀಮೆಯಲ್ಲಿ ಚಲಾವಣೆಯಲ್ಲಿದ್ದವು. ಉಪ್ಪು, ಮೆಣಸಿನಕಾಯಿ ಕೊಳ್ಳಲು ನಮ್ಮ ಹಿರಿಯರು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗುತ್ತಿದ್ದುದು ಇಂಥ ಕಾಸುಗಳನ್ನೇ.

ಇಂದು ಹಳೆಯ ನಾಣ್ಯಗಳು ಹರಾಜಿಗೆ ಬರುತ್ತವೆ. ಬೆಲೆ ನಿರ್ಧಾರವಾಗುವುದು ನಾಣ್ಯದ ಅಪರೂಪದಿಂದ ಮತ್ತು ಅದರ ಸ್ಥಿತಿಯಿಂದ. ಸ್ಥಿತಿಯನ್ನು ಅಳೆಯಲು 1ರಿಂದ 70ರವರೆಗೆ ಅಂಕಗಳಿವೆ. 60 ಮತ್ತು ಅದಕ್ಕಿಂತ ಮೇಲಿನ ಅಂಕ ಸಿಗುವುದು ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ ಮಾತ್ರ. ಒಂದೇ ಟಂಕಸಾಲೆಯಲ್ಲಿ ಒಂದೇ ವರ್ಷ ಹುಟ್ಟಿದ ಎರಡು ನಾಣ್ಯಗಳಲ್ಲಿ ಸವೆದುದಕ್ಕೆ ನೂರು ರೂಪಾಯಿ ಸಿಕ್ಕರೆ, ಸವೆಯದುದಕ್ಕೆ ಸಾವಿರಾರು ರೂಪಾಯಿ ಸಿಗಬಹುದು. ಅಮೆರಿಕದ 1933ರ ಇಪ್ಪತ್ತು ಡಾಲರಿನ ಒಂದು ಚಿನ್ನದ ನಾಣ್ಯವು 2002ರಲ್ಲಿ ಸುಮಾರು 76 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ನಾಣ್ಯ 2021ರಲ್ಲಿ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಹೋಯಿತು. ನಾಣ್ಯಕ್ಕೆ ಒಂದು ಗುಂಜಿ ಚಿನ್ನವೂ ಸೇರಲಿಲ್ಲ. ಏರಿದ್ದು ಮನುಷ್ಯರ ಆಸೆ ಮಾತ್ರ.

ಹಾಗಾದರೆ ನಾಣ್ಯ ಸಂಗ್ರಹ ಪಾಪವೇ? ಅಲ್ಲ. ಕರಗಿ ಹೋಗಬಹುದಾಗಿದ್ದ ಎಷ್ಟೋ ನಾಣ್ಯಗಳನ್ನು, ಅವುಗಳ ಜೊತೆಗೆ ನಮ್ಮ ಚರಿತ್ರೆಯನ್ನು, ಸಂಗ್ರಹಕಾರರು ಉಳಿಸಿದ್ದಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ.

ಹೀಗೆಂದುಕೊಳ್ಳಿ. ಗುಂಡ್ಲುಪೇಟೆಯ ಸಂತೆಯಲ್ಲಿ ಹಳೆಯ ಪಾತ್ರೆ, ಹಿತ್ತಾಳೆ ಸಾಮಾನು ಕೊಳ್ಳುವವರು ನೀವು. ವಯಸ್ಸಾದ ವಿಧವೆಯೊಬ್ಬರು ಬಂದು ಗಂಟು ಬಿಚ್ಚುತ್ತಾರೆ. "ಇದ್ಕೆ ಏನ್ ಕೊಟ್ಟೀಯಪ್ಪಾ?" ಎನ್ನುತ್ತಾರೆ. ಸವೆದ ಕಾಸುಗಳ ನಡುವೆ ಸ್ವಲ್ಪವೂ ಸವೆಯದ ಒಂದು ನಾಣ್ಯ ಹೊಳೆಯುತ್ತಿದೆ. ಹರಾಜಿನಲ್ಲಿ ಅದಕ್ಕೆ ಹತ್ತಾರು ಸಾವಿರ ಬರುವುದೆಂದು ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಇನ್ನೂರು ರೂಪಾಯಿ ಕೊಡುತ್ತೀರಿ. ಅವರು ಕೈಮುಗಿದು ಹೋಗುತ್ತಾರೆ. ನೀವು ಸುಳ್ಳು ಹೇಳಲಿಲ್ಲ, ಬಲವಂತ ಮಾಡಲಿಲ್ಲ. ಹಾಗಿದ್ದರೂ ಆ ರಾತ್ರಿ ಆತ್ಮಶೋಧನೆಗೆ ಕುಳಿತಾಗ ಮನಸ್ಸು ಏನು ಹೇಳುತ್ತದೆ?

ಹದಿಮೂರನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಇಂಥದೇ ಪ್ರಶ್ನೆಯನ್ನು ಎತ್ತಿಕೊಂಡರು. ಮಾರುವವನು ತಿಳಿಯದೆ ಚಿನ್ನವನ್ನು ತಾಮ್ರವೆಂದು ಮಾರಿದರೆ, ಅದು ಚಿನ್ನವೆಂದು ತಿಳಿದೇ ಕೊಂಡವನು ಅನ್ಯಾಯ ಮಾಡಿದ್ದಾನೆ, ಅವನು ನಷ್ಟ ತುಂಬಿಕೊಡಲೇಬೇಕು ಎಂಬುದು ಅವರ ತೀರ್ಮಾನ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ (2409) ಇನ್ನೊಬ್ಬರ ಅಜ್ಞಾನವನ್ನೋ ಕಷ್ಟವನ್ನೋ ಬಳಸಿಕೊಂಡು ಬೆಲೆ ಏರಿಸುವುದನ್ನು ಏಳನೆಯ ದೇವಾಜ್ಞೆಗೆ ವಿರುದ್ಧವೆಂದು ಹೇಳುತ್ತದೆ. ಅದೇ ಅಜ್ಞಾನದಿಂದ ಬೆಲೆ ಇಳಿಸಿದರೆ ಅದು ಪುಣ್ಯವಾದೀತೇ?

"ನಾನು ವರ್ಷಗಟ್ಟಲೆ ಕಲಿತಿದ್ದೇನೆ, ಆ ವಿದ್ಯೆಗೆ ಬೆಲೆ ಇಲ್ಲವೇ?" ಎಂದು ನೀವು ಕೇಳಬಹುದು. ಖಂಡಿತ ಇದೆ. ವ್ಯಾಪಾರಿ ಲಾಭವಿಲ್ಲದೆ ಬದುಕಲಾರ. "ಅಜ್ಜೀ, ಇದು ಬೆಲೆಬಾಳುವ ನಾಣ್ಯ. ಮಾರಿಸಿಕೊಡುತ್ತೇನೆ, ನನ್ನ ಪಾಲು ಇಷ್ಟು" ಎಂದು ಹೇಳಿ ಪಡೆದ ಹಣ ವಿದ್ಯೆಯ ಕೂಲಿ. ಹೇಳದೆ ಪಡೆದ ಹಣ ಅಜ್ಜಿಯದು. ಹೊಲದಲ್ಲಿ ಹುದುಗಿದ್ದ ನಿಧಿಯನ್ನು ಕಂಡವನು ಸುಮ್ಮನೆ ಹೊಲವನ್ನೇ ಕೊಂಡನಲ್ಲ ಎಂದು ಮತ್ತಾಯರ ಶುಭಸಂದೇಶವನ್ನು ತೋರಿಸುವವರೂ ಇದ್ದಾರೆ. ಆದರೆ ಪ್ರಭು ಅಲ್ಲಿ ವ್ಯಾಪಾರದ ಗುಟ್ಟನ್ನು ಕಲಿಸುತ್ತಿಲ್ಲ. ಸ್ವರ್ಗಸಾಮ್ರಾಜ್ಯಕ್ಕಾಗಿ ತನ್ನದೆಲ್ಲವನ್ನೂ ಬಿಟ್ಟುಕೊಡುವ ಸಂತೋಷವನ್ನು ತೋರಿಸುತ್ತಿದ್ದಾರೆ.

ನಾಣ್ಯ ಕೊಳ್ಳುವವರು ನಮ್ಮಲ್ಲಿ ಕೆಲವರೇ ಇರಬಹುದು. ಆದರೆ ಈ ಪ್ರಶ್ನೆ ಎಲ್ಲರದು. ಈರೋಡಿನ ಮಾರುಕಟ್ಟೆಯಲ್ಲಿ ಅರಿಶಿನದ ಬೆಲೆ ಏರಿದ್ದನ್ನು ಬೆಳಿಗ್ಗೆಯೇ ತಿಳಿದವರು, ಅದನ್ನು ಅರಿಯದ ರೈತನ ಜಗಲಿಗೆ ಮಧ್ಯಾಹ್ನ ಹೋಗಿ ನಿನ್ನೆಯ ಬೆಲೆ ಹೇಳುವುದಿಲ್ಲವೇ? ರಸ್ತೆ ಬರುತ್ತದೆಂದು ತಿಳಿದ ತಮ್ಮ, ಅದನ್ನರಿಯದ ಅಕ್ಕನಿಗೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದಿಲ್ಲವೇ? ತಿಳಿದವನು ತಿಳಿಯದವನಿಗೆ ಸತ್ಯದ ಸಾಲಗಾರ.

ದುರಾಸೆ ಮಾರುವವರನ್ನೂ ಬಿಡುವುದಿಲ್ಲ. ಹಳೆಯ ನಾಣ್ಯ, ನೋಟುಗಳಿಗೆ ಭಾರೀ ಹಣ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮೊದಲೇ ಶುಲ್ಕ, ಕಮಿಷನ್ ಕೇಳುವ ಮೋಸಗಾರರ ಬಗ್ಗೆ 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಎಚ್ಚರಿಕೆ ನೀಡಿತು. ಆದ್ದರಿಂದ ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಅವಸರಪಡಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ತಿಕ್ಕಿದರೆ ಅದರ ಬೆಲೆಯೇ ಕೆಡುತ್ತದೆ. ಇಬ್ಬರು ಮೂವರು ತಿಳಿದವರನ್ನು ಕೇಳಿ. ಮಾರಾಟಕ್ಕೆ ಮುನ್ನ ಯಾರಿಗೂ ಹಣ ಕೊಡಬೇಡಿ. ಹೊಲ ಉಳುವಾಗ ಸಿಕ್ಕ ನಿಧಿಯಾದರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ, ಅದನ್ನು ಪಾಲಿಸಿ.

ಕೊನೆಯದಾಗಿ, ಜೆರುಸಲೇಮಿನ ದೇವಾಲಯದಲ್ಲಿ ಎರಡು ಕಾಸು ಹಾಕಿದ ಆ ಬಡ ವಿಧವೆಯನ್ನು ನೆನೆಯಿರಿ. ಆ ಕಾಲದ ಪುಟ್ಟ ತಾಮ್ರದ ಕಾಸುಗಳು ಇಂದಿಗೂ ಸಂಗ್ರಹಕಾರರಿಗೆ ಸಿಗುತ್ತವೆ. ಅಂಚು ಒರಟು, ಮುದ್ರೆ ಅರ್ಧಂಬರ್ಧ, ಮೈಯೆಲ್ಲ ಸವೆತ. ಹರಾಜಿನ ಅಂಕಪಟ್ಟಿಯಲ್ಲಿ ಅವುಗಳಿಗೆ ಕೆಳಗಿನ ಸ್ಥಾನವೇ. ಆದರೆ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದ ಪ್ರಭು ಯೇಸು ಎಲ್ಲರಿಗಿಂತ ಹೆಚ್ಚಿನ ಬೆಲೆ ಕಟ್ಟಿದ್ದು ಆಕೆಯ ಕಾಣಿಕೆಗೇ. ಅವರು ನೋಡಿದ್ದು ಕಾಸನ್ನಲ್ಲ, ಕೊಟ್ಟ ಕೈಯನ್ನು.

ಗಂಟು ಬಿಚ್ಚಿ ನಮ್ಮ ಮುಂದೆ ನಿಲ್ಲುವ ವಿಧವೆಯ ಎದುರಿನಲ್ಲೂ ಅದೇ ಪ್ರಭು ಕುಳಿತು ನೋಡುತ್ತಿದ್ದಾರೆ. ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಮಕ್ಕಳ ಜೊತೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮಗೆ ಗೊತ್ತಿದ್ದು, ಅವರಿಗೆ ಗೊತ್ತಿಲ್ಲದ ಕಾರಣಕ್ಕೆ ನಮ್ಮ ಮನೆಗೆ ಬಂದದ್ದು ಏನಾದರೂ ಇದೆಯೇ? ಇದ್ದರೆ, ಅದನ್ನು ಹಿಂದಿರುಗಿಸಲು ಇನ್ನೂ ಕಾಲ ಮೀರಿಲ್ಲ.