ದಾಕ್ಷಿಣ್ಯವೂ ದೋಷದರ್ಶನವೂ

ತನ್ನಲ್ಲಿಯೂ ಇರುವ ದೋಷವನ್ನು ಇನ್ನೊಬ್ಬನಲ್ಲಿ ಕಂಡು ಹೇಳುವುದಕ್ಕೆ ಮನುಷ್ಯನಿಗೆ ಅಧಿಕಾರವುಂಟೆ? ಧರ್ಮವಿಚಾರಕರನ್ನು ಬಹುಕಾಲದಿಂದ ಕಾಡಿರುವ ಈ ಪ್ರಶ್ನೆಯು ಕಂಪ್ಯೂಟರ್ ವಿದ್ಯೆಯ ಪಾಠಶಾಲೆಯಲ್ಲಿ ಅತ್ಯಲ್ಪವಾದ ನಿಮಿತ್ತದಿಂದಲೂ ಎದ್ದು ನಿಲ್ಲುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ೨೦೦೬ರಲ್ಲಿ ಎಕ್ಸ್‌ವಿ೬ ಎಂಬ ಆಪರೇಟಿಂಗ್ ಸಿಸ್ಟಮ್ ಬೋಧನೆಗಾಗಿಯೇ ರಚಿತವಾಯಿತು. ೧೯೭೫ರ ಯುನಿಕ್ಸ್ ಆರನೆಯ ಆವೃತ್ತಿಯೇ ಅದಕ್ಕೆ ಮಾದರಿ. ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಅಭ್ಯಾಸಗಳಲ್ಲೊಂದು, ತಾರೀಖನ್ನು ತೋರಿಸುವ ‘ಡೇಟ್’ ಎಂಬ ಆಜ್ಞೆಯನ್ನು ಅದಕ್ಕೆ ಸೇರಿಸುವುದು. ಆಜ್ಞೆಯು ವ್ಯವಸ್ಥೆಯ ಹೃದಯವಾದ ಕರ್ನಲನ್ನು ಕೇಳುತ್ತದೆ. ಕರ್ನಲ್ ಯಂತ್ರದ ಗಡಿಯಾರವನ್ನು ಓದಿ, ಕೇಳಿದವನು ತೋರಿಸಿದ ಸ್ಥಾನದಲ್ಲಿ ವರ್ಷ ಮಾಸ ದಿನಗಳನ್ನು ಬರೆದಿಡುತ್ತದೆ. ಗಡಿಯಾರವನ್ನು ಓದುವ ಭಾಗವನ್ನು ಗುರುಗಳೇ ಬರೆದಿಟ್ಟಿದ್ದರು. ಓದುತ್ತಿರುವಾಗಲೇ ನಿಮಿಷವು ಉರುಳಬಹುದೆಂದು ಅವರು ಒಂದು ಓದನ್ನು ನಂಬದೆ, ಎರಡು ಓದುಗಳು ಒಂದಕ್ಕೊಂದು ಸರಿಹೊಂದುವವರೆಗೂ ಮತ್ತೆ ಮತ್ತೆ ಓದುವಂತೆ ಮಾಡಿದ್ದರು. (ವರ್ಷಕ್ಕೆ ಮಾತ್ರ ಎರಡಂಕಿಯನ್ನೋದಿ ೨೦೦೦ವನ್ನು ಕೂಡಿಸಿಬಿಟ್ಟಿದ್ದರು, ೨೧೦೦ನೆಯ ಇಸವಿಯವರು ಅದನ್ನು ನೋಡಿಕೊಳ್ಳಲಿ!)

ತೋರಿಸಿದ ಸ್ಥಾನವು ಕೇಳಿದವನದೇ ಹೌದೆ ಎಂಬುದನ್ನು ಕರ್ನಲ್ ಮೊದಲು ಪರೀಕ್ಷಿಸತಕ್ಕದ್ದು. ಅದಕ್ಕೆ ಆರ್ಗ್‌ಪಿಟಿಆರ್ ಎಂಬ ಸಾಧನವಿದ್ದಿತು. ಅದನ್ನು ಬಳಸದೆ, ಬಂದ ಅಂಕಿಯನ್ನೇ ವಿಳಾಸವೆಂದು ನಂಬಿದರೂ ಆಜ್ಞೆಯು ಇಂದಿನ ತಾರೀಖನ್ನು ತಪ್ಪದೆ ತೋರಿಸುತ್ತದೆ. ಆದರೆ ದುಷ್ಟವಾದ, ಅಥವಾ ಬರಿಯ ಅಜಾಗರೂಕವಾದ ಪ್ರೋಗ್ರಾಮೊಂದು ಕರ್ನಲಿನದೇ ವಿಳಾಸವನ್ನು ಕೊಟ್ಟರೆ, ಕರ್ನಲ್ ತನ್ನ ಕೈಯಿಂದಲೇ ತನ್ನೆದೆಯ ಮೇಲೆ ತಾರೀಖನ್ನು ಕೊರೆದುಕೊಳ್ಳುತ್ತದೆ.

ಇಬ್ಬರು ಸಹಪಾಠಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ಪರಿಶೀಲಿಸಬೇಕಾಗಿದೆ ಎಂದಿರಲಿ. ಗೆಳೆಯನು ಈ ಪರೀಕ್ಷೆಯನ್ನು ಬಿಟ್ಟಿರುವುದು ಪರಿಶೀಲಕನ ಕಣ್ಣಿಗೆ ಬೀಳುತ್ತದೆ. ಸಂಶಯದಿಂದ ತನ್ನದನ್ನು ತೆರೆದು ನೋಡಿದರೆ ಅಲ್ಲಿಯೂ ಅದೇ ಲೋಪ. ಈಗ ಅವನೇನು ಮಾಡಬೇಕು? ದಾಕ್ಷಿಣ್ಯವು, ‘ಇದು ಅಭ್ಯಾಸದ ಆಟಿಕೆ, ಇದನ್ನು ಯಾರು ಕೆಡಿಸುತ್ತಾರೆ? ಸುಮ್ಮನಿರು’ ಎನ್ನುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಆಟಿಕೆಯನ್ನು ಕೊಟ್ಟಿರುವುದು ಕೈ ಪಳಗಲೆಂದಲ್ಲವೆ? ಇಲ್ಲಿ ಪಳಗಿದ ಕೈಯೇ ನಾಳೆ ಪರರ ಹಣದ ಲೆಕ್ಕವನ್ನೂ ರೋಗಿಗಳ ಲೆಕ್ಕವನ್ನೂ ಬರೆಯತಕ್ಕದ್ದು.

ಇನ್ನೊಂದು ದಾರಿಯು ಇದಕ್ಕಿಂತ ಹೀನವಾದುದು: ತನ್ನ ಲೋಪವನ್ನು ಗುಟ್ಟಾಗಿ ತಿದ್ದಿಕೊಂಡು, ಅನಂತರ ಗೆಳೆಯನದನ್ನು ತೋರಿಸಿ ಜಾಣನೆನಿಸಿಕೊಳ್ಳುವುದು. ಹೇಳಿದ್ದೆಲ್ಲ ನಿಜವೇ, ಆದರೂ ಅಲ್ಲೊಂದು ಕಳ್ಳತನವಿದೆ. ಏಕೆಂದರೆ ಅವನ ಕಣ್ಣನ್ನು ತೆರೆಸಿದುದು ಗೆಳೆಯನ ತಪ್ಪೇ ಹೊರತು ತನ್ನ ಜಾಣತನವಲ್ಲ. ಮೌನವಾದ ದಾಕ್ಷಿಣ್ಯವು ದುರ್ಬಲ. ಈ ಸತ್ಯವು ಋಣಗೇಡಿ.

ದೋಷವಿಲ್ಲದವನೇ ದೋಷವನ್ನು ಹೇಳಬೇಕೆಂದು ವಿಧಿಸಿದರೆ ಸಹಪಾಠಿಗಳ ಪರಿಶೀಲನೆಯೆಂಬುದೇ ಇಲ್ಲವಾಗುತ್ತದೆ. ಸಮಾನರು ತಪ್ಪುಗಳಲ್ಲಿಯೂ ಸಮಾನರೇ. ಅವನಿಗೆ ಬೇಕಾದ ಅಧಿಕಾರವು ನಿರ್ದೋಷತೆಯಿಂದಲ್ಲ, ತನ್ನದನ್ನೂ ಮರೆಮಾಡದಿರುವುದರಿಂದ ಬರುತ್ತದೆ. ಪರಿಶೀಲನಪತ್ರದಲ್ಲಿ ಅವನು ಮೊದಲು ತನ್ನ ಸಾಲನ್ನೂ ಅದರ ಕೆಳಗೆ ಗೆಳೆಯನ ಸಾಲನ್ನೂ ಬರೆದು, ಎರಡರಲ್ಲಿಯೂ ಬಿಟ್ಟುಹೋದುದೇನೆಂಬುದನ್ನು ಕಾಣಿಸಬಹುದು. ಗೆಳೆಯನು ಎರಡು ದಿನ ಮುನಿಸಿಕೊಂಡಾನು. ಗುರುವು ಇಬ್ಬರ ಅಂಕಗಳನ್ನೂ ಕಡಿಮೆ ಮಾಡಿಯಾನು. ಪರೀಕ್ಷೆಯ ಆ ಒಂದು ಸಾಲು ಮಾತ್ರ ಅಂದು ಸಂಜೆಯೊಳಗೆ ಇಬ್ಬರ ಬರಹಗಳಲ್ಲಿಯೂ ಸೇರಿರುತ್ತದೆ.