ಗಣಿಯ ಕಥೆ, ನಮ್ಮ ಹೊಲದ ಬೋರು



ಶ್ರಾವಣದ ಕಡೆಯ ಸೋಮವಾರ ಭಜನೆ ಮುಗಿದ ಮೇಲೆ ನಿಲಂಗಾದ ನಮ್ಮ ಯುವಕರು ಮಠದ ಅಂಗಳದಲ್ಲಿ ಪರದೆ ಕಟ್ಟಿ ‘ಮಿಷನ್ ರಾಣಿಗಂಜ್’ ಎಂಬ 2023ರ ಹಿಂದಿ ಸಿನೆಮಾ ತೋರಿಸಿದರು. ಮಠದಲ್ಲಿ ಸಿನೆಮಾ ಏಕೆಂದು ಹಿರಿಯರು ಗೊಣಗಿದ್ದು ನಿಜ. ಅರ್ಧ ತಾಸಿನೊಳಗೆ ಅವರೇ ಎಲೆ ಅಡಿಕೆ ಮರೆತು ಮುಂದೆ ಸರಿದು ಕುಳಿತಿದ್ದರು.

ನಡೆದ ಸಂಗತಿ ಇದು. 1989ರ ನವೆಂಬರ್ 13ರಂದು ಪಶ್ಚಿಮ ಬಂಗಾಳದ ರಾಣಿಗಂಜದ ಮಹಾಬೀರ ಕಲ್ಲಿದ್ದಲು ಗಣಿಗೆ ನೀರು ನುಗ್ಗಿತು. 6 ಜನ ತೀರಿಕೊಂಡರು, 65 ಜನ ಒಳಗೆ ಉಳಿದರು. ಜಸ್ವಂತ್ ಸಿಂಗ್ ಗಿಲ್ ಎಂಬ ಇಂಜಿನಿಯರರು ಮೇಲಿನಿಂದ ನೆಲ ಕೊರೆಸಿ, ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗವಿದ್ದ ಉಕ್ಕಿನ ಗೂಡನ್ನು ಆ ತೂತಿನಲ್ಲಿ ಇಳಿಸಿದರು. ಅದರಲ್ಲಿ ತಾವೇ ಇಳಿದರು. ಒಬ್ಬೊಬ್ಬರನ್ನೇ ಮೇಲೆ ಕಳಿಸಿ, ಎಲ್ಲರ ಹಿಂದೆ ತಾವು ಬಂದರು. ಸಿನೆಮಾದವರು ಸೇರಿಸಿದ ಹಾಡು-ಪಾಡು ಬೇರೆ, ಅದು ಇರಲಿ.

ಉಮರ್ಗಾ ಕಡೆಯವರು ಮಾತ್ರ ಚಿತ್ರ ಮುಗಿದರೂ ಮಾತಾಡಲಿಲ್ಲ. ಅವರಿಗೆ 1993ರ ಸೆಪ್ಟೆಂಬರ್ 30ರ ನಸುಕು ನೆನಪಾಗಿತ್ತು. ಗಣಪತಿಯನ್ನು ಕಳಿಸಿ ಬಂದು ಮಲಗಿದ ಜನ, ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆಯ ಭಾರ. ಆಗ ನಾನು ಶಾಲೆಯ ಹುಡುಗ. ಐದು ದಿನಗಳಾದ ಮೇಲೆ ಮಂಗರೂಳದಲ್ಲಿ ಸೈನಿಕರು 18 ತಿಂಗಳ ಕೂಸನ್ನು ಜೀವಂತ ತೆಗೆದರೆಂಬ ಸುದ್ದಿ ಬಂದಾಗ ನಮ್ಮ ಅವ್ವ ದೇವರ ಮುಂದೆ ದೀಪ ಹಚ್ಚಿದ್ದಳು.

ಮಾತು ಅಲ್ಲಿಂದ ಲಚ್ಯಾಣಕ್ಕೆ ಹೋಯಿತು. ಇಂಡಿ ತಾಲೂಕಿನ ಆ ಊರಲ್ಲಿ 2024ರ ಏಪ್ರಿಲ್‌ದಲ್ಲಿ ಬೋರಿಗೆ ಬಿದ್ದ ಎರಡು ವರ್ಷದೊಳಗಿನ ಕೂಸನ್ನು, ಪಕ್ಕದಲ್ಲಿ ತಗ್ಗು ತೋಡಿ, ಸುಮಾರು 20 ತಾಸಿನ ಮೇಲೆ ಜೀವಂತ ತಂದರು. ಆಗ ಒಬ್ಬ ಹಿರಿಯರು ಕೇಳಿದರು: “ತಮ್ಮಾ, ಭೂಮಿ ನಡುಗಿದ್ದು ಯಾರ ಕೈಯಾಗೂ ಇರಲಿಲ್ಲ. ಬೋರಿನ ಬಾಯಿ ತೆರೆದಿಡೋರು ಯಾರು?”

ದಾಸೋಹವೆಂದರೆ ಅನ್ನ ನೀಡುವುದೆಂದಷ್ಟೇ ನಾವು ತಿಳಿದಿದ್ದೇವೆ. ತನ್ನ ಕಾಯಕದ ಜಾಣ್ಮೆಯನ್ನೂ ಜೀವವನ್ನೂ ಪರರಿಗಾಗಿ ಒಪ್ಪಿಸುವುದೂ ದಾಸೋಹವೇ. ಗಿಲ್ ಅವರಂತೆ ಇಳಿಯುವುದು ಎಲ್ಲರಿಂದ ಆಗದು. ಆದರೆ ಯಾರೂ ಇಳಿಯಬೇಕಾಗದಂತೆ ಮಾಡುವುದು ಆಗದ ಕೆಲಸವೇ? ಬತ್ತಿದ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ.

ನಾನು ಬಿ.ಕಾಂ. ಓದಿದವನು. ಮರುದಿನ ಮಠದ ಕಿರ್ದಿ ತೆಗೆದು ನೋಡಿದೆ. ಲಾತೂರಿಗೆ ರೈಲಿನಲ್ಲಿ ನೀರು ಬಂದ 2016ರ ಬರದಲ್ಲಿ ಮಠದ ಹೊಲದಲ್ಲಿ ಬೋರು ಕೊರೆಸಿದ್ದೆವು, ನೀರು ಬೀಳಲಿಲ್ಲ. ಕೊರೆಸಿದ ಖರ್ಚು ಬರೆದಿದೆ, ಮುಚ್ಚಿದ ಖರ್ಚು ಇಲ್ಲ. ಬರೆದ ಕೈ ನನ್ನದೇ. ಹೊಲಕ್ಕೆ ಹೋದರೆ ಅದರ ಮೇಲೆ ಹರಿದ ಗೋಣಿ ತಟ್ಟು, ಒಂದು ಕಲ್ಲು. ನಾಲ್ಕು ಮಾರಿನಾಚೆ ಕಳೆ ತೆಗೆಯುವವರ ಮಕ್ಕಳು ಆಡುತ್ತಿದ್ದರು.

ಅಂದೇ ಒಂದು ಟ್ರ್ಯಾಕ್ಟರ್ ಗರಸು ತರಿಸಿ ತುಂಬಿಸಿದೆವು. ಕೇಸಿಂಗಿನ ಬಾಯಿಗೆ ಉದಗೀರಿನ ಭಕ್ತರೊಬ್ಬರು ದಪ್ಪ ತಗಡು ಬೆಸೆದುಕೊಟ್ಟರು, ಕೂಲಿ ಮುಟ್ಟಲಿಲ್ಲ. ತಮ್ಮ ಹೊಲದಲ್ಲಿ ಇಂಥದ್ದಿದ್ದರೆ ಮಠಕ್ಕೆ ಹೇಳಿ ಕಳಿಸಿರಿ. ಬರುವ ಅಮಾವಾಸ್ಯೆಗೆ ಅವರು ಮತ್ತೆ ಬರುತ್ತಾರೆ, ಗರಸು ನಾವು ಕೊಡುತ್ತೇವೆ.