ತಿನ್ನಬಹುದಾ ಮೇಡಂ?

ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ನಮ್ಮ ವಿಭಾಗದಲ್ಲಿ ಕಸ ಗುಡಿಸುವ ಅಕ್ಕ ಸೆರಗಿನಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತರು. ಬಿಚ್ಚಿ ತೋರಿಸಿದರೆ ಹತ್ತು ಹನ್ನೆರಡು ಅಣಬೆಗಳು. ಹಾಸ್ಟೆಲ್ ಮುಂದಿನ ಹುಲ್ಲಿನಲ್ಲಿ ಎದ್ದಿದ್ದವಂತೆ. ಕೆಲವು ಇನ್ನೂ ಮೊಗ್ಗು. ಕೆಲವು ಅಂಗೈ ಅಗಲಕ್ಕೆ ಬಿಚ್ಚಿಕೊಂಡ ಬಿಳಿ ಕೊಡೆಗಳು, ಮೇಲೆ ಕಂದು ಚಕ್ಕೆಗಳು. “ತಿನ್ನಬಹುದಾ ಮೇಡಂ?” ಎಂದು ಕೇಳಿದರು.

ನಾನು ಅಣಬೆಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಐದನೇ ವರ್ಷ. ಈ ಐದು ವರ್ಷಗಳಲ್ಲಿ ಯಾವ ಸೆಮಿನಾರಿನಲ್ಲೂ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಒಂದನ್ನು ತಿರುಗಿಸಿ ನೋಡಿದೆ. ಕೊಡೆಯ ಅಡಿಯ ತೆಳು ಪದರಗಳು ಅಚ್ಚ ಬಿಳಿ. ಕಾಂಡದ ಸುತ್ತ ಬಳೆಯಂತೆ ಮೇಲೆ ಕೆಳಗೆ ಸರಿಯುವ ಉಂಗುರ. “ಮ್ಯಾಕ್ರೋಲೆಪಿಯೋಟಾ ಥರ ಇದೆ ಅಕ್ಕ. ಅದನ್ನ ತಿಂತಾರೆ. ಆದ್ರೂ ಒಂದ್ಸಲ ಸರಿಯಾಗಿ ನೋಡ್ತೀನಿ” ಎಂದೆ. ಎರಡನ್ನು ನಾನಿಟ್ಟುಕೊಂಡೆ. ಉಳಿದದ್ದನ್ನು ಅವರು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು.

ನಾನು ಆಡಿದ ಮಾತಿನಲ್ಲಿ ಒಂದು ಪದವೂ ಸುಳ್ಳಲ್ಲ. ಆ ಥರವೇ ಇತ್ತು. ಆ ಜಾತಿಯ ಕೆಲವನ್ನು ತಿನ್ನುವುದೂ ನಿಜ. ಸರಿಯಾಗಿ ನೋಡುತ್ತೇನೆ ಎಂದದ್ದೂ ನಿಜ, ನೋಡಿಯೂ ನೋಡಿದೆ. ಇಷ್ಟಾಗಿಯೂ ನಾನು ಮಾಡಿದ್ದು ತಪ್ಪು. ಅದು ಎಂಥ ತಪ್ಪು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಅಣಬೆಯನ್ನು ಗುರುತಿಸುವ ಮೊದಲ ಹೆಜ್ಜೆಗೆ ಮೈಕ್ರೋಸ್ಕೋಪ್ ಬೇಕಿಲ್ಲ, ತಾಳ್ಮೆ ಸಾಕು. ಕಾಂಡವನ್ನು ಕತ್ತರಿಸಿ, ಕೊಡೆಯನ್ನು ಪದರ ಕೆಳಗಾಗುವಂತೆ ಹಾಳೆಯ ಮೇಲೆ ಇಡಬೇಕು. ಅರ್ಧ ಬಿಳಿ, ಅರ್ಧ ಕಪ್ಪು ಹಾಳೆಯಾದರೆ ಒಳ್ಳೆಯದು. ಮೇಲೆ ಒಂದು ಬಟ್ಟಲು ಮುಚ್ಚಿ ರಾತ್ರಿಯೆಲ್ಲ ಬಿಟ್ಟರೆ ಬೀಜಕಣಗಳು ಉದುರಿ ಹಾಳೆಯ ಮೇಲೆ ಅಚ್ಚು ಮೂಡುತ್ತದೆ. ಮ್ಯಾಕ್ರೋಲೆಪಿಯೋಟಾದ ಅಚ್ಚು ಬಿಳಿ, ಇಲ್ಲವೇ ಕೆನೆಬಣ್ಣ. ಮರುದಿನ ಬೆಳಿಗ್ಗೆ ಬಟ್ಟಲು ಎತ್ತಿದಾಗ ನನಗೆ ಕಂಡದ್ದು ಮಾಸಲು ಹಸಿರು.

ಅಂಥ ಹಸಿರು ಅಚ್ಚು ಬಿಡುವ ದೊಡ್ಡ ಅಣಬೆಗಳು ತೀರಾ ಕಡಿಮೆ. ಇದು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ದಕ್ಷಿಣ ಅಮೆರಿಕದ ಎಸ್ಸೆಕ್ವಿಬೊ ಪ್ರದೇಶದ ಸಸ್ಯಗಳನ್ನು ದಾಖಲಿಸುತ್ತ ಮೇಯರ್ ಎಂಬ ಸಸ್ಯಶಾಸ್ತ್ರಜ್ಞ 1818ರಲ್ಲಿ ಇದನ್ನು ಮೊದಲು ವಿವರಿಸಿದ. ಇಂದು ಬೆಚ್ಚಗಿನ ನಾಡುಗಳ ಹುಲ್ಲುಹಾಸುಗಳಲ್ಲೆಲ್ಲ ಮಳೆಯ ಹಿಂದೆಯೇ ಏಳುತ್ತದೆ. ಎಳೆಯದಾಗಿದ್ದಾಗ ಇದರ ಪದರಗಳೂ ಬಿಳಿಯೇ. ಬೀಜಕಣಗಳು ಬಲಿತ ಮೇಲಷ್ಟೇ ಹಸಿರಿಗೆ ತಿರುಗುತ್ತವೆ. ನನ್ನ ಕೈಗೆ ಬಂದದ್ದು ಅದಕ್ಕೆ ಮುಂಚಿನ ಹೊತ್ತು.

ಆ ದಿನ ಅಕ್ಕ ಕೆಲಸಕ್ಕೆ ಬಂದಿರಲಿಲ್ಲ. ಫೋನ್ ಮಾಡಿದರೆ ಮಗಳು ಎತ್ತಿದಳು. “ಅಮ್ಮ, ತಮ್ಮ ಇಬ್ರೂ ಆಸ್ಪತ್ರೇಲಿದಾರೆ. ರಾತ್ರಿ ಊಟ ಆಗಿ ಎರಡು ತಾಸಿಗೆ ವಾಂತಿ ಶುರುವಾಯ್ತು.” ಅವಳಿಗೆ ಅಣಬೆ ಸೇರುವುದಿಲ್ಲವಂತೆ, ಹಾಗಾಗಿ ತಿಂದಿರಲಿಲ್ಲ. ಓಡಿದೆ. ಡ್ರಿಪ್ ಹಾಕಿ ಮಲಗಿಸಿದ್ದರು. ಹಸಿರು ಅಚ್ಚಿನ ಹಾಳೆಯ ಫೋಟೋ ತೋರಿಸಿ ಡಾಕ್ಟರಿಗೆ ಅಣಬೆಯ ಹೆಸರು ಹೇಳಿದೆ. ಇದು ಹೊಟ್ಟೆ ಕರುಳನ್ನು ಹಿಂಡುವ ವಿಷ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಇಳಿಯಿತು. ಅಮಾನಿಟಾ ಫಲಾಯ್ಡಿಸ್‌ನಂಥದ್ದು ಆಗಿದ್ದರೆ? ಅದು ಆರೇಳು ತಾಸು, ಕೆಲವೊಮ್ಮೆ ಒಂದು ದಿನವೇ ಸುಮ್ಮನಿದ್ದು, ಆಮೇಲೆ ಯಕೃತ್ತನ್ನು ಹಾಳುಮಾಡುತ್ತದೆ. ಅಂದು ಹಾಗಾಗಲಿಲ್ಲ ಎನ್ನುವುದರಲ್ಲಿ ನನ್ನ ಜಾಣತನವೇನೂ ಇಲ್ಲ.

ಸಂಜೆ ಲ್ಯಾಬಿಗೆ ಮರಳಿ ಮೈಕ್ರೋಸ್ಕೋಪಿನ ಮುಂದೆ ಕುಳಿತೆ. ಅಚ್ಚಿನಿಂದ ಸೂಜಿಯ ಮೊನೆಯಷ್ಟು ಪುಡಿ ತೆಗೆದು ನೀರಿನ ಹನಿಯಲ್ಲಿ ಕಲಸಿ, ಕವರ್ ಸ್ಲಿಪ್ ಮುಚ್ಚಿ, ಎಣ್ಣೆ ಹಾಕಿ ಸಾವಿರ ಪಟ್ಟು ಹಿಗ್ಗಿಸಿ ನೋಡಿದೆ. ಮೊಟ್ಟೆಯಾಕಾರದ, ದಪ್ಪ ಗೋಡೆಯ, ನುಣುಪಾದ ಕಣಗಳು. ಒಂದು ತುದಿ ಕತ್ತರಿಸಿದಂತೆ ಮೊಂಡು. ಮೊಳಕೆ ಹೊರಡುವ ಸಣ್ಣ ರಂಧ್ರ ಇರುವುದು ಅಲ್ಲೇ. ಮೂವತ್ತು ಕಣಗಳನ್ನು ಅಳೆದೆ. ಉದ್ದ ಹತ್ತು ಮೈಕ್ರಾನಿನ ಆಸುಪಾಸು, ಅಂದರೆ ಒಂದು ಮಿಲಿಮೀಟರಿನಲ್ಲಿ ನೂರು ಕಣಗಳನ್ನು ಸಾಲಾಗಿ ಮಲಗಿಸಬಹುದು. ಅಯೋಡಿನ್ ಬೆರೆತ ಮೆಲ್ಜರ್ ದ್ರಾವಣ ಬಿಟ್ಟಾಗ ಕೆಂಗಂದು ಬಣ್ಣಕ್ಕೆ ತಿರುಗಿದವು. ಎಲ್ಲವೂ ಪುಸ್ತಕದಲ್ಲಿ ಇದ್ದಂತೆಯೇ.

ಆಗ ಎರಡು ಸಂಗತಿಗಳು ತಲೆಗೆ ಹೋದವು. ಹಾಳೆಯ ಮೇಲೆ ಅಷ್ಟು ಸ್ಪಷ್ಟವಾಗಿದ್ದ ಹಸಿರು, ಬಿಡಿ ಕಣದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಲಕ್ಷಾಂತರ ಕಣಗಳು ಕೂಡಿದಾಗಲೇ ಅದು ಬಣ್ಣ. ಎರಡನೆಯದು ಇನ್ನೂ ಮುಖ್ಯ. ನಾನು ಅಳೆದ ಯಾವ ಲಕ್ಷಣದಲ್ಲೂ ವಿಷ ಇರಲಿಲ್ಲ. ಮೊಳಕೆಯ ರಂಧ್ರ, ದಪ್ಪ ಗೋಡೆ, ಅಯೋಡಿನ್ನಿಗೆ ಬರುವ ಕೆಂಗಂದು, ಇವೆಲ್ಲ ತಿನ್ನುವ ಮ್ಯಾಕ್ರೋಲೆಪಿಯೋಟಾದಲ್ಲೂ ಇವೆ. ಈ ಕಾಲದಲ್ಲಿ ನಾವು ಡಿಎನ್ಎ ಓದಿಯೂ ಜಾತಿ ಹೇಳುತ್ತೇವೆ. ಅದೂ ಹೆಸರನ್ನಷ್ಟೇ ಹೇಳುತ್ತದೆ. ಹೆಸರಿನ ಮುಂದೆ ಪುಸ್ತಕದಲ್ಲಿ ‘ವಿಷಕಾರಿ’ ಎಂದು ಬರೆದಿರುತ್ತದಲ್ಲ, ಆ ಪದ ಎಲ್ಲಿಂದ ಬಂತು? ಯಾರೋ ತಿಂದಿದ್ದರು. ಯಾರದೋ ಮನೆಯಲ್ಲಿ ರಾತ್ರಿಯಿಡೀ ದೀಪ ಆರಿರಲಿಲ್ಲ. ಪುಸ್ತಕದ ಆ ಒಂದು ಪದ ಹೆಸರಿಲ್ಲದವರ ಹೊಟ್ಟೆಯಿಂದ ಬಂದದ್ದು. ಅದನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ.

ನ್ಯಾಯ ದರ್ಶನದವರು ಅರಿವಿಗೆ ನಾಲ್ಕು ದಾರಿಗಳನ್ನು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಉಪಮಾನಕ್ಕೆ ಅವರು ಕೊಡುವ ಉದಾಹರಣೆ ಗವಯ ಎಂಬ ಕಾಡುಪ್ರಾಣಿ. ಅದು ಹಸುವಿನ ಹಾಗಿರುತ್ತದೆ ಎಂದು ಕಾಡು ಬಲ್ಲವನೊಬ್ಬ ಹೇಳಿರುತ್ತಾನೆ. ಊರಿನವನು ಕಾಡಿನಲ್ಲಿ ಅಂಥದೊಂದನ್ನು ಕಂಡು, ಓಹೋ ಗವಯ ಎಂದರೆ ಇದೇ ಎಂದು ತಿಳಿಯುತ್ತಾನೆ. ಹೋಲಿಕೆಯಿಂದ ದಕ್ಕುವುದು ಹೆಸರು. ಹಸುವಿನ ಹಾಗಿದೆ ಎಂದು ಯಾರೂ ಚೆಂಬು ಹಿಡಿದು ಗವಯದ ಹಾಲು ಕರೆಯಲು ಕೂರುವುದಿಲ್ಲ. ನಾನು ಕೂತಿದ್ದೆ. ಅಲ್ಲ, ಅಕ್ಕನನ್ನು ಕೂರಿಸಿದ್ದೆ.

ಅದಕ್ಕಿಂತ ದೊಡ್ಡ ತೊಡಕು ನಾಲ್ಕನೆಯ ದಾರಿಯಲ್ಲಿದೆ. ಶಬ್ದ ಎಂದರೆ ಆಪ್ತನ ಮಾತು, ನಂಬಬಹುದಾದವರ ಮಾತು. ಆಪ್ತ ಯಾರು ಎನ್ನುವುದಕ್ಕೆ ವಾತ್ಸ್ಯಾಯನನ ಭಾಷ್ಯದಲ್ಲಿ ಉತ್ತರವಿದೆ. ವಿಷಯವನ್ನು ತಾನೇ ಕಂಡು ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳಬೇಕೆನ್ನುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಅವನು ಸೇರಿಸುತ್ತಾನೆ. ಅಂದರೆ ಆಪ್ತನಾಗಲು ಪದವಿ ಬೇಡ, ಕಂಡಿರಬೇಕು. ಅಂದು ಅಕ್ಕ ಕೇಳಿದ್ದಕ್ಕೆ ನಾನು ಆಪ್ತಳಾಗಿರಲಿಲ್ಲ. ನನ್ನ ಬಿಳಿ ಕೋಟು ಆಪ್ತನಂತೆ ಕಾಣುತ್ತಿತ್ತು.

ವಾರ ಕಳೆದು ಅಕ್ಕ ಕೆಲಸಕ್ಕೆ ಬಂದರು. ಕ್ಷಮೆ ಕೇಳಲು ಹೋದರೆ ಅವರೇ ನನ್ನನ್ನು ಸಮಾಧಾನ ಮಾಡತೊಡಗಿದರು. “ಬಿಡಿ ಮೇಡಂ, ನಂದೂ ತಪ್ಪಿದೆ. ನಮ್ಮ ಕೊಪ್ಪದ ಕಡೆ ಹುತ್ತದ ಅಣಬೆ ಒಂದನ್ನೇ ನಾವು ತಿನ್ನೋದು. ಕಿತ್ರೆ ಉದ್ದ ಬೇರು ಬರ್ತದೆ. ಇದಕ್ಕೆ ಬೇರೇ ಇರ್ಲಿಲ್ಲ. ನಮ್ಮವ್ವ ಆಗಿದ್ರೆ ಮುಟ್ತಾನೂ ಇರ್ಲಿಲ್ಲ. ನಂಗೂ ಬೇಡ ಅನ್ನಿಸ್ತು. ನೀವು ಓದಿದೋರು, ನಿಮಗಿಂತ ನಂಗೆ ಗೊತ್ತಾ ಅಂತ ಮಾಡಿಬಿಟ್ಟೆ.”

ನನಗೆ ಹೆಚ್ಚು ಚುಚ್ಚಿದ್ದು ಈ ಮಾತು. ಹುತ್ತದ ಅಣಬೆಯ ಆ ಉದ್ದ ಬೇರು ನೆಲದೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಟರ್ಮಿಟೋಮೈಸಿಸ್ ಕುಲದ ಮುಖ್ಯ ಗುರುತುಗಳಲ್ಲಿ ಅದೂ ಒಂದು. ನನ್ನ ಪುಸ್ತಕದಲ್ಲಿರುವುದನ್ನೇ ಅಕ್ಕನ ಅವ್ವ ಕೈಯಿಂದ ಬಲ್ಲವರು. ಅವರಿಗೆ ಗೊತ್ತಿದ್ದದ್ದು ಒಂದೇ ಅಣಬೆ, ಅದೂ ತಮ್ಮ ಊರಿನದು. ಆದರೆ ತಮ್ಮ ತಿಳಿವು ಎಲ್ಲಿ ಮುಗಿಯುತ್ತದೆ ಎಂದೂ ಅವರಿಗೆ ಗೊತ್ತಿತ್ತು. ಆ ಗಡಿಯನ್ನು ಮಗಳಿಗೂ ಕಲಿಸಿದ್ದರು. ನಾನು ಒಂದೇ ವಾಕ್ಯದಲ್ಲಿ ಅದನ್ನು ಅಳಿಸಿಬಿಟ್ಟೆ. ತಪ್ಪು ಮಾಹಿತಿ ಕೊಟ್ಟದ್ದಕ್ಕಿಂತ, ಇನ್ನೊಬ್ಬರ ಸರಿಯಾದ ಅನುಮಾನವನ್ನು ನನ್ನ ಓದಿನ ತೂಕದಿಂದ ಅದುಮಿದ್ದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ. ‘ಅದರ ಥರ ಇದೆ’ ಎಂದು ನಾನು ಎಚ್ಚರಿಕೆಯಿಂದಲೇ ಹೇಳಿದ್ದೆ. ಆದರೆ ನನ್ನಂಥವರ ಬಾಯಿಂದ ಬಂದ ‘ಥರ’ ಎದುರಿನವರ ಕಿವಿ ತಲುಪುವಷ್ಟರಲ್ಲಿ ಉದುರಿಹೋಗಿ, ‘ಅದೇ’ ಮಾತ್ರ ಉಳಿಯುತ್ತದೆ. ಇದು ಗೊತ್ತಿದ್ದೂ ಮಾತಾಡುವುದು ಹೊಣೆಗೇಡಿತನ.

ಹಾಗಾದರೆ ಸುಮ್ಮನೆ ‘ಗೊತ್ತಿಲ್ಲ’ ಎಂದುಬಿಡುವುದೇ ಸರಿಯೇ? ಕೆಲವು ತಿಂಗಳು ನಾನು ಹಾಗೇ ಮಾಡಿದೆ. ಯಾರು ಏನು ಕೇಳಿದರೂ ಗೊತ್ತಿಲ್ಲ. ಆಮೇಲೆ ಅದೂ ಸಾಚಾ ಅಲ್ಲ ಅನ್ನಿಸಿತು. ಅದರಿಂದ ಉಳಿಯುವುದು ನನ್ನ ಮೈ ಮಾತ್ರ. ನನ್ನ ಫೆಲೋಶಿಪ್ಪಿನ ದುಡ್ಡಿನಲ್ಲಿ ಅಕ್ಕ ಕೊಳ್ಳುವ ಸೋಪಿನ ತೆರಿಗೆಯೂ ಸೇರಿದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿಯ ಬಣ್ಣ ಬದಲಾದರೆ ವಿಷ ಎನ್ನುವ ನಂಬಿಕೆಗಳಿಗೆ ಆಧಾರವಿಲ್ಲ ಎಂದು ನನಗೆ ಖಚಿತವಾಗಿ ಗೊತ್ತು. ಅದನ್ನೂ ಹೇಳದೆ ಬಾಯಿ ಮುಚ್ಚಿಕೊಂಡರೆ ಈ ಓದು ಯಾರಿಗಾಗಿ?

ಈಗ ಯಾರಾದರೂ ಅಣಬೆ ತಂದರೆ ಮೊದಲು ಪೂರ್ತಿ ರಾಶಿಯನ್ನೇ ಇಟ್ಟುಕೊಳ್ಳುತ್ತೇನೆ. ನೋಡಿದ್ದೇನು, ಇನ್ನೂ ನೋಡದೇ ಇರುವುದೇನು ಎಂದು ಬೇರೆ ಬೇರೆ ಮಾಡಿ ಹೇಳುತ್ತೇನೆ. ಆಮೇಲೆ, ನಿಮಗೇನನ್ನಿಸುತ್ತದೆ ಎಂದು ಕೇಳುತ್ತೇನೆ. ಮೊನ್ನೆ ಸೆಪ್ಟೆಂಬರಿನಲ್ಲಿ ಅಕ್ಕ ಮತ್ತೆ ಎರಡು ಅಣಬೆ ತಂದು ಮೇಜಿನ ಮೇಲಿಟ್ಟರು. ತಿನ್ನಲಿಕ್ಕಲ್ಲ, ನನಗೆ ತೋರಿಸಲಿಕ್ಕೆ. ತಿರುಗಿಸಿ ನೋಡಿ, “ಗೊತ್ತಾಗ್ತಿಲ್ಲ ಅಕ್ಕ. ನಾಳೆ ಬೆಳಿಗ್ಗೆವರೆಗೆ ಕಾಯ್ಬೇಕು” ಎಂದೆ. ಅಕ್ಕ ನಕ್ಕರು. “ನಂಗೂ ಗೊತ್ತಾಗ್ಲಿಲ್ಲ” ಎಂದು, ಶೆಲ್ಫಿನಿಂದ ಬಟ್ಟಲನ್ನು ತಾವೇ ತಂದುಕೊಟ್ಟರು.